ಎಲೆಕ್ಟ್ರಿಕ್ ಸ್ಕೂಟರ್ ಟೆಸ್ಟ್ ರೈಡ್‌ಗೆ ಒಬ್ಬರೇ ಹೋಗಬೇಡಿ

ದಿನಾ ನಿಮ್ಮ ಹಿಂದೆ ಕೂರುವವರನ್ನೇ ಟೆಸ್ಟ್ ರೈಡ್‌ಗೂ ಕರೆದುಕೊಂಡು ಹೋಗಿ. ಅವರನ್ನು ಕೂರಿಸಿಕೊಂಡು, ವಾಹನ ಓಡಾಟ ಇಲ್ಲದ ಒಂದು ಏರಿನ ಮಧ್ಯೆ ಪೂರ್ತಿ ನಿಲ್ಲಿಸಿ, ಇಕೋ ಮೋಡ್‌ನಲ್ಲೇ ಮತ್ತೆ ಹೊರಡಿ. ಬೆಂಗಳೂರಲ್ಲಾದರೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ದಾರಿ ಸಾಕು, ಮಡಿಕೇರಿಯಲ್ಲಿ ಹುಡುಕುವ ಕಷ್ಟವೇ ಇಲ್ಲ. ಸಮತಟ್ಟು ರಸ್ತೆಯಲ್ಲಿ ಒಬ್ಬರೇ ಕೂತರೆ ಎಲ್ಲಾ ಗಾಡಿಯೂ ಚೆನ್ನಾಗಿಯೇ ಎಳೆಯುತ್ತೆ. ನಿಂತಲ್ಲಿಂದ ಇಬ್ಬರ ಭಾರ ಹೊತ್ತು ಏರು ಹತ್ತುವಾಗಲೇ ಮೋಟರಿನ ತಾಕತ್ತು ಗೊತ್ತಾಗೋದು. ಇಕೋದಲ್ಲಿ ಪವರ್ ಕಡಿಮೆ, ಆದರೆ ಚಾರ್ಜ್ ಉಳಿಸೋಕೆ ನಾವು ಜಾಸ್ತಿ ಓಡಿಸೋದು ಅದರಲ್ಲೇ ಅಲ್ವಾ? ಇಳಿದ ಮೇಲೆ ಹಿಂದೆ ಕೂತವರ ಮಾತು ಕೇಳಿ. ಅಮ್ಮ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರಾದರೆ, ಪಾದ ಇಡಲು ಗಟ್ಟಿ ಜಾಗ ಇದೆಯಾ, ಸೆರಗು ಚಕ್ರದ ಹತ್ತಿರ ಹೋಗುತ್ತಾ ಅಂತ ಬಗ್ಗಿ ನೋಡಿ. ನನಗಂತೂ ಸ್ಕ್ರೀನು, ಬ್ಲೂಟೂತ್‌ಗಿಂತ ಇದೇ ಮುಖ್ಯ.

ಒಂದು ವಿಷಯ ಮಾತ್ರ ಇದರಲ್ಲಿ ಗೊತ್ತಾಗಲ್ಲ. ಬ್ಯಾಟರಿ ತುಂಬಿದ್ದಾಗ ಗಾಡಿ ಚುರುಕಾಗಿರುತ್ತೆ. ಚಾರ್ಜ್ ತುಂಬಾ ಇಳಿದಾಗ ಹಲವು ಸ್ಕೂಟರ್‌ಗಳು ತಾವಾಗಿಯೇ ಪವರ್ ತಗ್ಗಿಸುತ್ತವೆ. ಹಾಗೆಯೇ ಬ್ಯಾಟರಿ ಫುಲ್ ಇದ್ದರೆ, ಆಕ್ಸಿಲರೇಟರ್ ಬಿಟ್ಟಾಗ ಗಾಡಿಯನ್ನು ಹಿಡಿಯುವ ರೀಜನ್ ಬ್ರೇಕ್ ಸರಿಯಾಗಿ ಕೆಲಸ ಮಾಡದೆ ಇರಬಹುದು. ಆದ್ದರಿಂದ ಸಾಯಂಕಾಲ, ಶೋರೂಮಿನ ಡೆಮೊ ಗಾಡಿ ಇಡೀ ದಿನ ಓಡಿ ಚಾರ್ಜ್ ಇಳಿದಿರುವಾಗ ಇನ್ನೊಂದು ಸುತ್ತು ಕೇಳಿ.