ಅರ್ಧ ಪವರ್, ಎರಡು ಮೀಟರ್, ಎಫ್8

ದೂರ ಅಳೆದು ಫೋಕಸ್ ಮಾಡುವ ನನ್ನ ರೇಂಜ್‌ಫೈಂಡರ್ ಕ್ಯಾಮೆರಾಗೆ ಪುಟ್ಟ ಫ್ಲಾಶ್ ಹಾಕುತ್ತೇನೆ ಎಂದಾಗ ನಮ್ಮ ಫಿಲ್ಮ್ ಗೆಳೆಯರಲ್ಲಿ ಅರ್ಧ ಜನ ನಕ್ಕರು. ಉಳಿದವರು ‘ದೊಡ್ಡದು ತಗೋ ಮಾರಾಯಾ’ ಎಂದರು. ಗೈಡ್ ನಂಬರ್ (ಫ್ಲಾಶ್‌ನ ಶಕ್ತಿಯ ಅಳತೆ) 12ರ ಆಟಿಕೆಯಲ್ಲಿ ಏನು ಬೆಳಗುತ್ತೆ, ಮೂಗಿನ ತುದಿನಾ ಅಂತ ಕೇಳಿದವರೂ ಇದ್ದಾರೆ. ಬಸವನಗುಡಿ ಕಡಲೆಕಾಯಿ ಪರಿಷೆಯ ನೆಗೆಟಿವ್‌ಗಳನ್ನು ಲೈಟ್‌ಬಾಕ್ಸ್ ಮೇಲೆ ನೋಡಿದ ಮೇಲೆ ಈಗ ಅದೇ ಜನ ಫೋನ್ ಮಾಡುತ್ತಿದ್ದಾರೆ. ಯಾವ ಫ್ಲಾಶ್, ಸೆಟಿಂಗ್ ಏನು, ಎಷ್ಟಾಯ್ತು? ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಕ್ಯಾಮೆರಾ ಕ್ಯಾನನ್ ಕಂಪನಿಯ ಕ್ಯಾನೊನೆಟ್ ಕ್ಯೂಎಲ್17 ಜಿ3. 1972ರ ಮಾಡೆಲ್, 40 ಎಂಎಂ ಎಫ್1.7 ಲೆನ್ಸ್. (ಎಫ್ ನಂಬರ್ ಅಂದರೆ ಅಪರ್ಚರ್, ಬೆಳಕು ಬರುವ ತೂತಿನ ಅಳತೆ. ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು.) ಲೆನ್ಸ್ ಒಳಗೇ ತೆರೆದು ಮುಚ್ಚುವ ಲೀಫ್ ಶಟರ್ ಆದ್ದರಿಂದ 1/500 ಸೆಕೆಂಡಿನವರೆಗೆ ಯಾವ ಸ್ಪೀಡಿನಲ್ಲಾದರೂ ಫ್ಲಾಶ್ ಸಿಂಕ್ ಆಗುತ್ತದೆ, ಅಂದರೆ ಶಟರ್ ಪೂರ್ತಿ ತೆರೆದಾಗಲೇ ಬೆಳಗುತ್ತದೆ. ಮ್ಯಾನ್ಯುಯಲ್‌ಗೆ ತಿರುಗಿಸಿದರೆ ಬೆಳಕು ಅಳೆಯುವ ಮೀಟರ್ ಹೇಗೂ ಕೆಲಸ ಮಾಡುವುದಿಲ್ಲ. ಹಾಗಾಗಿ ಆ ಮೀಟರಿಗೆ ಬೇಕಾದ, ಈಗ ಸಿಗದ ಮರ್ಕ್ಯುರಿ ಸೆಲ್‌ನ ತಲೆನೋವೂ ಇಲ್ಲ.

ಮೊದಲು ದುಡ್ಡು ಹೋದ ಕಥೆ. ಸಂಡೇ ಬಜಾರಿನಲ್ಲಿ ಒಂದು ಹಳೇ ಆಟೋ ಫ್ಲಾಶ್ ಸಿಕ್ಕಿತು. ನಾಲ್ಕು ಪೆನ್‌ಸೆಲ್ ನುಂಗುವ ದೈತ್ಯ. ಸಾವಿರ ಹೇಳಿದ, ಏಳುನೂರಕ್ಕೆ ಕೊಟ್ಟ. ಮನೆಗೆ ತಂದು ಫ್ಲಾಶ್‌ನ ಕಾಲಿನ (ಕ್ಯಾಮೆರಾ ಮೇಲೆ ಕೂರುವ ಭಾಗದ) ಕಾಂಟ್ಯಾಕ್ಟ್‌ಗೆ ಮಲ್ಟಿಮೀಟರ್ ಹಿಡಿದರೆ ಇನ್ನೂರು ವೋಲ್ಟ್ ದಾಟಿತು! ಕ್ಯಾನೊನೆಟ್ ಒಳಗೆ ಇರುವುದು ಬರೀ ಲೋಹದ ಕಾಂಟ್ಯಾಕ್ಟ್, ತಡೆದುಕೊಳ್ಳುತ್ತದೆ. ಆದರೆ ಇಂಥದ್ದನ್ನು ‘ಸುಮ್ನೆ ಟೆಸ್ಟ್ ಮಾಡೋಣ’ ಅಂತ ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಬೇಡಿ, ಬೋರ್ಡ್ ಹೋಗಬಹುದು. ಕರೆಂಟ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಮುದಿಯಾಗಿತ್ತು. ಫ್ಲಾಶ್ ಸಿದ್ಧ ಅಂತ ಹೇಳುವ ರೆಡಿ ಲ್ಯಾಂಪ್ ಹತ್ತಲು ಅರ್ಧ ನಿಮಿಷ. ಎಸ್‌ಪಿ ರಸ್ತೆಯ ಒಬ್ಬ ರಿಪೇರಿಯವರು ಬೇರೆ ಹಾಕಿಕೊಟ್ಟರು, ಮುನ್ನೂರೈವತ್ತು ಆಯಿತು. ನೀವೇ ಬಿಚ್ಚಲು ಹೋಗಬೇಡಿ. ಸೆಲ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಮುನ್ನೂರು ವೋಲ್ಟ್ ಕಾದು ಕೂತಿರುತ್ತದೆ.

ರಿಪೇರಿಯಾದರೂ ಅದು ನನಗೆ ಒಗ್ಗಲಿಲ್ಲ. ಕತ್ತಿಗೆ ಹಾಕಿದರೆ ಕ್ಯಾಮೆರಾ ತಲೆಕೆಳಗಾಗುತ್ತಿತ್ತು, ಅದು ಬೇರೆ ಮಾತು. ನಿಜವಾದ ತೊಂದರೆ ಆಟೋ ಸೆನ್ಸರ್‌ನದು. ಅದು ವಾಪಸ್ ಬಂದ ಬೆಳಕು ನೋಡಿ ಫ್ಲಾಶ್ ಕಡಿಯುತ್ತದೆ. ಪರಿಷೆಯಲ್ಲಿ ಬಿಳಿ ಅಂಗಿ, ಬಿಳಿ ಪಂಚೆಯ ಯಜಮಾನರು ಕಡಲೆಕಾಯಿ ರಾಶಿ ಹಿಂದೆ ಕೂತಿದ್ದರು. ಸೆನ್ಸರ್ ಬಿಳಿ ನೋಡಿ ಬೇಗ ಕಡಿಯಿತು, ಅವರ ಮುಖ ಕಪ್ಪು. ಮುಂದಿನ ಫ್ರೇಮಿನಲ್ಲಿ ಬಲೂನ್ ಹಿಡಿದ ಹುಡುಗಿ, ಹಿಂದೆ ಬರೀ ರಾತ್ರಿಯ ಆಕಾಶ. ಬೆಳಕು ವಾಪಸ್ ಬರಲಿಲ್ಲ ಅಂತ ಪೂರ್ತಿ ಸುರಿಯಿತು, ಮುಖ ಸುಣ್ಣ. ಎರಡಕ್ಕೂ ಅಪರ್ಚರ್ ಒಂದೇ, ದೂರವೂ ಹೆಚ್ಚುಕಮ್ಮಿ ಒಂದೇ. ರೋಲ್ ಒಂಬೈನೂರು, ತೊಳೆದು ಸ್ಕ್ಯಾನ್ ಮಾಡಿಸಲು ಇನ್ನೊಂದು ಐನೂರು, ಆರುನೂರು. ಫ್ರೇಮಿಗೆ ನಲವತ್ತು ರೂಪಾಯಿ ಆಗುವಾಗ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆಮೇಲೆ ಆನ್‌ಲೈನ್‌ನಲ್ಲಿ ಒಂದು ಅಗ್ಗದ ಪುಟಾಣಿ ತರಿಸಿದೆ. ಹದಿನೆಂಟು ನೂರೋ ಏನೋ. ಪವರ್ ಕಮ್ಮಿ ಮಾಡಲು ಬಟನ್ನೇ ಇಲ್ಲ, ಯಾವಾಗಲೂ ಫುಲ್. ಐಎಸ್‌ಒ 400 ಫಿಲ್ಮಿನಲ್ಲಿ (ಈ ನಂಬರ್ ಫಿಲ್ಮ್ ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದರ ಅಳತೆ) ಒಂದು ಮೀಟರಿಗೆ ಎಫ್22 ಕೇಳುತ್ತದೆ. ಕ್ಯಾನೊನೆಟ್ ಎಫ್16ಕ್ಕೇ ನಿಲ್ಲುತ್ತದೆ. ಅಕ್ಕನ ಮಗನಿಗೆ ಕೊಟ್ಟೆ. ಗೆಳೆಯನ ಟಿಟಿಎಲ್ ಫ್ಲಾಶ್ (ಲೆನ್ಸ್ ಮೂಲಕ ಬಂದ ಬೆಳಕು ನೋಡಿ ಕ್ಯಾಮೆರಾವೇ ಫ್ಲಾಶ್ ಹಿಡಿತಕ್ಕೆ ತರುವಂಥದ್ದು) ಒಂದು ವಾರ ಸಾಲ ತಂದಿದ್ದೆ. ಟಿಟಿಎಲ್ ಅರ್ಥವಾಗದ ಕ್ಯಾಮೆರಾ ಮೇಲೆ ಅದೂ ಫುಲ್ ಪವರ್ ಡಬ್ಬವೇ.

ಇಷ್ಟಾದ ಮೇಲೆ ಒಂದು ವಿಷಯ ತಲೆಗೆ ಹೊಳೆಯಿತು. ಎಸ್‌ಎಲ್‌ಆರ್ ಕ್ಯಾಮೆರಾದವರು ಲೆನ್ಸ್ ಮೂಲಕವೇ ಪ್ರಿಸಂನಲ್ಲಿ ನೋಡಿ ಫೋಕಸ್ ಮಾಡುತ್ತಾರೆ, ದೂರ ಎಷ್ಟು ಅಂತ ಲೆನ್ಸ್ ಬ್ಯಾರಲ್ ಮೇಲಿನ ನಂಬರ್ ನೋಡುವುದೇ ಇಲ್ಲ. ನಮ್ಮ ಕ್ಯಾಮೆರಾ ಇರುವುದೇ ದೂರ ಅಳೆಯಲು. ವ್ಯೂಫೈಂಡರ್ ನಡುವಿನ ಪ್ಯಾಚ್‌ನಲ್ಲಿ ಎರಡಾಗಿ ಕಾಣುವ ಬಿಂಬವನ್ನು ಒಂದಾಗಿ ಕೂಡಿಸಿದ ಕ್ಷಣ ದೂರ ಬೆರಳ ತುದಿಯಲ್ಲಿರುತ್ತದೆ. ದೂರ ಗೊತ್ತಿದ್ದ ಮೇಲೆ ಸೆನ್ಸರ್ ಯಾಕೆ? ಅಂಗಿ ಬಿಳಿಯಿದ್ದರೇನು, ಹಿಂದೆ ಕತ್ತಲಿದ್ದರೇನು, ಎರಡು ಮೀಟರ್ ಎರಡೇ ಮೀಟರ್. ಇದು ನನ್ನ ಕಂಡುಹಿಡಿತವೇನಲ್ಲ. ಕ್ಯಾನನ್‌ನವರೇ ಈ ಕ್ಯಾಮೆರಾಗೆ ಕ್ಯಾನೊಲೈಟ್ ಡಿ ಅಂತ ಫ್ಲಾಶ್ ಮಾಡಿದ್ದರು. ಅದನ್ನು ಹಾಕಿ ಫೋಕಸ್ ತಿರುಗಿಸಿದರೆ ಅಪರ್ಚರ್ ತಾನೇ ಬದಲಾಗುತ್ತದೆ. ನನಗೆ ಅದು ಸಿಗಲಿಲ್ಲ. ಸಿಗದಿದ್ದದ್ದೇ ಒಳ್ಳೆಯದಾಯಿತು.

ಹಾಗಾದರೆ ಬೇಕಾಗಿದ್ದೇನು? ಜೇಬಿನಲ್ಲಿ ಹಿಡಿಯಬೇಕು, ಮ್ಯಾನ್ಯುಯಲ್ ಪವರ್ ಒಂದೊಂದೇ ಸ್ಟಾಪ್ (ಪ್ರತಿ ಸಲ ಅರ್ಧಕ್ಕೆ) ಇಳಿಯಬೇಕು, ನಡುವೆ ಒಂದೇ ಕಾಂಟ್ಯಾಕ್ಟ್ ಸಾಕು. ಗೋಡಾಕ್ಸ್ ಲಕ್ಸ್ ಜೂನಿಯರ್ ತಗೊಂಡೆ. ಐದಾರು ಸಾವಿರ ಆಗಿರಬೇಕು. ಎರಡು ಟ್ರಿಪಲ್ ಎ ಸೆಲ್, ಫುಲ್‌ನಿಂದ 1/64ರವರೆಗೆ ಪವರ್, 28 ಎಂಎಂ ಲೆನ್ಸಿನ ನೋಟದಷ್ಟು ಅಗಲಕ್ಕೆ ಬೆಳಕು ಹರಡುತ್ತದೆ, ಗೈಡ್ ನಂಬರ್ 12. ನಮ್ಮವರು ನಕ್ಕಿದ್ದು ಈ 12ಕ್ಕೇ.

ಈಗ ಲೆಕ್ಕ ನೋಡಿ. ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ಐಎಸ್‌ಒ 100 ಫಿಲ್ಮಿಗೆ 12 ಅಂದರೆ 400ಕ್ಕೆ 24. ಅರ್ಧ ಪವರ್‌ಗೆ ಇಳಿಸಿದರೆ 17. ಈ 17ರಲ್ಲೇ ಎಲ್ಲ ಇರುವುದು. ಒಂದೂವರೆ ಮೀಟರಿಗೆ ಎಫ್11, ಎರಡಕ್ಕೆ ಎಫ್8, ಮೂರಕ್ಕೆ ಎಫ್5.6, ನಾಲ್ಕಕ್ಕೆ ಎಫ್4. ಎಲ್ಲವೂ ಲೆನ್ಸ್ ಮೇಲೆ ಬರೆದ ನಂಬರ್‌ಗಳ ಮೇಲೇ ಬಂದು ಕೂರುತ್ತವೆ! ಬೇರೆ ಗೈಡ್ ನಂಬರ್‌ಗಳಲ್ಲೂ ಲೆಕ್ಕ ಹಾಕಿ ನೋಡಿದೆ, ಎಲ್ಲವೂ ಹೀಗೆ ನೆಟ್ಟಗೆ ಬೀಳುವುದಿಲ್ಲ. ಎರಡು ಮೀಟರ್ ಗುರುತಿಗೆ ಒಂದು ಚುಕ್ಕೆ ಕೆಂಪು ನೇಲ್ ಪಾಲಿಷ್, ಎಫ್8ಕ್ಕೂ ಕೆಂಪು. ಮೂರಕ್ಕೆ ಬಿಳಿ, ಎಫ್5.6ಕ್ಕೆ ಬಿಳಿ. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ, ಅಷ್ಟೇ. ಚುಕ್ಕೆ ಇಡಲು ಹಲ್ಲುಕಡ್ಡಿ ಬಳಸಿ, ಬ್ರಷ್ ಇಟ್ಟರೆ ನಂಬರ್ ಮುಚ್ಚಿಹೋಗುತ್ತದೆ. ಈಗಂತೂ ಫೋಕಸ್ ಲಿವರ್ ಎಲ್ಲಿದ್ದರೆ ಎರಡು ಮೀಟರ್ ಅಂತ ಬೆರಳಿಗೇ ಗೊತ್ತು. ಕಣ್ಣಿಗೆ ಕ್ಯಾಮೆರಾ ತರುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಎರಡು ಎಚ್ಚರಿಕೆ. ಗೈಡ್ ನಂಬರ್ ಅನ್ನುವುದು ಗೋಡೆ, ಸೂರು ಇರುವ ಕೋಣೆಯ ಮಾತು. ಬಯಲಿನಲ್ಲಿ ಬೆಳಕು ತಿರುಗಿ ಬರುವುದಿಲ್ಲ. ಅರ್ಧ ಸ್ಟಾಪ್, ಕೆಲವೊಮ್ಮೆ ಜಾಸ್ತಿಯೇ ತೆರೆಯುತ್ತೇನೆ. ನೆಗೆಟಿವ್ ಫಿಲ್ಮ್ ಬೆಳಕು ಸ್ವಲ್ಪ ಓವರ್ ಆದರೆ ಅಳುವುದಿಲ್ಲ. ಇನ್ನೊಂದು ರೆಡಿ ಲ್ಯಾಂಪ್. ಹೆಚ್ಚಿನ ಫ್ಲಾಶ್‌ಗಳಲ್ಲಿ ಅದು ಕೆಪಾಸಿಟರ್ ಪೂರ್ತಿ ತುಂಬುವ ಮೊದಲೇ ಹತ್ತುತ್ತದೆ. ಡಿಜಿಟಲ್ ಇಟ್ಟು ಗೋಡೆಗೆ ಹೊಡೆದು ನೋಡಿದೆ. ಲ್ಯಾಂಪ್ ಹತ್ತಿದ ತಕ್ಷಣ ಒಂದು, ಮೂರ್ನಾಲ್ಕು ಸೆಕೆಂಡ್ ಬಿಟ್ಟು ಒಂದು. ನಡುವೆ ಅರ್ಧ ಸ್ಟಾಪ್ ಹತ್ತಿರ ವ್ಯತ್ಯಾಸ. ಸೆಲ್ ಮಾತ್ರ ರೀಚಾರ್ಜಬಲ್ ನಿಕಲ್ ಮೆಟಲ್ ಹೈಡ್ರೈಡೇ ಹಾಕಿ. ಅಲ್ಕಲೈನ್‌ಗಿಂತ ಬೇಗ ತುಂಬುತ್ತದೆ.

ರಾತ್ರಿ ಶಟರ್ ಸ್ಪೀಡ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. 1/60 ಇಟ್ಟರೆ ಮುಖ ಬರುತ್ತದೆ, ಪರಿಷೆ ಬರುವುದಿಲ್ಲ. ಹಿಂದೆ ಕಪ್ಪು ಬಟ್ಟೆ ಕಟ್ಟಿದಂತೆ ಕಾಣುತ್ತದೆ. ನಾನು 1/15. ಕೆಲವೊಮ್ಮೆ 1/8. ಅಂಗಡಿಯ ಬಲ್ಬುಗಳು, ರಾಶಿಯ ಮೇಲಿನ ಹಳದಿ ಬೆಳಕು, ಆ ಕಡೆ ತಿರುಗುವ ತೊಟ್ಟಿಲು ಎಲ್ಲ ಒಳಗೆ ಬರುತ್ತವೆ. ಹತ್ತಿರದ ಮುಖವನ್ನು ಫ್ಲಾಶ್ ಹಿಡಿದು ನಿಲ್ಲಿಸುತ್ತದೆ. ಸ್ವಲ್ಪ ಅಲುಗುತ್ತದೆ. ಅಲುಗಲಿ.

ಇನ್ನು ಹಗಲಿನ ವಿಷಯ. ಗೆಳೆಯನ ಹತ್ತಿರ ಲೈಕಾ ಎಂ6 ಇದೆ. ಅದರ ಮುಂದೆ ನನ್ನ ಕ್ಯಾನೊನೆಟ್ ಬೆಲೆ ಚಿಲ್ಲರೆ. ಮಟಮಟ ಮಧ್ಯಾಹ್ನ ಛತ್ರಿ ಕೆಳಗೆ ಕೂತ ಅಜ್ಜಿಯ ಮುಖಕ್ಕೆ ಬೆಳಕು ತುಂಬಬೇಕು. ಎಂ6 ಬಟ್ಟೆ ಶಟರ್, ಫ್ಲಾಶ್ ಸಿಂಕ್ 1/50ರವರೆಗೆ ಮಾತ್ರ. 400 ಫಿಲ್ಮ್, ಆ ಬಿಸಿಲು ಅಂದರೆ ಎಫ್45 ಬೇಕು. ಎಲ್ಲಿಂದ ತರುತ್ತಾನೆ? ನಾನು 1/500, ಎಫ್16, ಫುಲ್ ಪವರ್, ಒಂದೂವರೆ ಮೀಟರ್. ಅಜ್ಜಿಯ ಮೂಗುಬೊಟ್ಟಿನ ಹೊಳಪೂ ಬಂದಿದೆ. ಅವತ್ತಿನಿಂದ ಅವನು ಫ್ಲಾಶ್ ಬಗ್ಗೆ ಮಾತಾಡುತ್ತಿಲ್ಲ.

ಕುಂದಾಪುರದ ಕಡೆ ಒಂದು ಯಕ್ಷಗಾನ ಮೇಳದವರನ್ನು ಕೇಳಿಕೊಂಡು ಅವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೂ ಒಯ್ದಿದ್ದೆ. ರಂಗಸ್ಥಳದ ಮುಂದೆ ಫ್ಲಾಶ್ ಹೊಡೆಯಬೇಡಿ, ಅದು ಅವರ ಕಣ್ಣಿಗೂ ಆಟಕ್ಕೂ ಕೆಟ್ಟದ್ದು. ಚೌಕಿಯಲ್ಲಿ ಬೇರೆ ಪೇಚಾಟ. ಫ್ಲಾಶ್ ಕ್ಯಾಮೆರಾ ಮೇಲಿದ್ದರೆ ಕಿರೀಟದ ಬಂಗಾರ ಬಣ್ಣ, ಕನ್ನಡಿ ಚೂರು, ಬಣ್ಣ ಹಚ್ಚಿಕೊಳ್ಳುವ ಕನ್ನಡಿ ಎಲ್ಲ ಸೇರಿ ಲೆನ್ಸಿಗೇ ತಿರುಗಿ ಹೊಡೆಯುತ್ತವೆ. ಫ್ಲಾಶ್ ಕ್ಯಾಮೆರಾ ಎರಡನ್ನೂ ಜೋಡಿಸುವ ನಾನೂರು ರೂಪಾಯಿಯ ಸಿಂಕ್ ಕೇಬಲ್ ಹಾಕಿ ಫ್ಲಾಶ್ ಎಡಗೈಯಲ್ಲಿ ಹಿಡಿದೆ. ಲಿವರ್ ಮೊದಲೇ ಎರಡು ಮೀಟರಿಗೆ ಇಟ್ಟಿರುತ್ತೇನೆ. ಆಗ ಎಣಿಸಬೇಕಾದ್ದು ಫ್ಲಾಶ್‌ನಿಂದ ಮುಖದ ದೂರ, ಕ್ಯಾಮೆರಾದಿಂದಲ್ಲ. ಹೊಳಪು ಹೋಯಿತು, ಅರದಾಳದ ಬಣ್ಣದ ಕೆಳಗೆ ಮುಖದ ಏರಿಳಿತ ಕಂಡಿತು. ಫ್ಲಾಶ್‌ನ ಬಿಳಿ ಬೆಳಕು ಬಲ್ಬಿನ ಹಳದಿಗೆ ಹೊಂದಲಿ ಅಂತ ಮುಂದೆ ಒಂದು ಹಾಳೆ ಅಂಟಿಸುತ್ತೇನೆ. ಯಾವ ಹಾಳೆ ಅಂತ ಕೇಳಬೇಡಿ, ಹೇಳುವುದಿಲ್ಲ. ಸ್ವೀಟ್ ಬಾಕ್ಸ್‌ನಲ್ಲಿ ಬಂದಿದ್ದು, ಇಷ್ಟೇ ಸುಳಿವು.

ಒಟ್ಟು ಎಷ್ಟಾಯಿತು? ಫ್ಲಾಶ್‌ಗಳು, ರಿಪೇರಿ, ಕೇಬಲ್ ಸೇರಿ ಒಂಬತ್ತು ಸಾವಿರದ ಆಸುಪಾಸು. ಫಿಲ್ಮ್ ಲೆಕ್ಕ ಅದಕ್ಕಿಂತ ಜಾಸ್ತಿ, ಮನೆಯಲ್ಲಿ ಹೇಳಿಲ್ಲ.

ಇನ್ನೊಂದು ಹೇಳಲೇಬೇಕು, ಇದನ್ನು ಯಾರೂ ಗಮನಿಸಿದಂತಿಲ್ಲ. ಫಿಲ್ಮ್ ಬದಲಾದರೂ ಲೆನ್ಸ್ ಮೇಲಿನ ಚುಕ್ಕೆ ಬದಲಾಗುವುದಿಲ್ಲ. ಕೊಡಾಕ್ ಗೋಲ್ಡ್ 200 ಹಾಕಿದರೆ ಫುಲ್ ಪವರ್, 400ಕ್ಕೆ ಅರ್ಧ, 800ಕ್ಕೆ ಕಾಲು, 1600ಕ್ಕೆ 1/8. ಎಲ್ಲದರಲ್ಲೂ ಗೈಡ್ ನಂಬರ್ ಅದೇ 17. ಈಗ ಇಲ್‌ಫರ್ಡ್ ಎಚ್‌ಪಿ5 ಅನ್ನು 1600ಕ್ಕೆ ಪುಶ್ ಮಾಡಿ (400ರ ಫಿಲ್ಮನ್ನು 1600 ಅಂತ ಎಣಿಸಿ, ಹೆಚ್ಚು ಹೊತ್ತು ಡೆವಲಪ್ ಮಾಡಿ) 1/8 ಪವರ್‌ನಲ್ಲಿ ಹೊಡೆಯುತ್ತಿದ್ದೇನೆ. ಗ್ರೇನ್ ದಪ್ಪ ಬರುತ್ತದೆ, ನನಗೆ ಬೇಜಾರಿಲ್ಲ. ಫಿಲ್ಮ್ ಅಡ್ವಾನ್ಸ್ ಮಾಡುವಷ್ಟರಲ್ಲಿ ಫ್ಲಾಶ್ ಮತ್ತೆ ರೆಡಿ, ಸೆಲ್ ಇಳಿಯುವ ಮಾತೇ ಇಲ್ಲ. ಡೆವಲಪರ್ ಎಷ್ಟು ಹೊತ್ತು ಅನ್ನುವುದು ಇನ್ನೂ ಹದಕ್ಕೆ ಬಂದಿಲ್ಲ. ಹೈಲೈಟ್, ಅಂದರೆ ಬೆಳಕು ಹೆಚ್ಚಿದ್ದ ಜಾಗ, ಸ್ವಲ್ಪ ಗಟ್ಟಿಯಾಗುತ್ತಿದೆ. ಮುಂದಿನ ರೋಲಿಗೆ ಟ್ಯಾಂಕ್ ಅಲ್ಲಾಡಿಸುವುದನ್ನು ಕಮ್ಮಿ ಮಾಡಿ ನೋಡುತ್ತೇನೆ.