ಉಪ್ಪುನೀರಿನ ಮೀನು ಸಾಕಬೇಕೇ? ಮೊದಲು ಟ್ಯಾಂಕ್ ಅಳತೆ ಸರಿಮಾಡಿಕೊಳ್ಳಿ

ಕಳೆದ ಮೇ ತಿಂಗಳ ಒಂದು ರಾತ್ರಿ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಸೊಸೈಟಿಯ ಎರಡನೇ ಮಹಡಿಯ ಹುಡುಗ ಬಕೆಟ್ ಹಿಡಿದುಕೊಂಡು ಬಾಗಿಲು ತಟ್ಟಿದ. ಬಕೆಟ್‌ನಲ್ಲಿ ಎರಡು ಕ್ಲೌನ್ ಮೀನು, ಒಂದು ಬ್ಲೂ ಟ್ಯಾಂಗ್. ಮೂರೂ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. "ಅಂಕಲ್, ನಾವು ನಾಲ್ಕು ದಿನ ಊರಿಗೆ ಹೋಗಿದ್ವಿ ಅಷ್ಟೇ" ಅಂದ.

ಕೆಳಗೆ ಹೋಗಿ ನೋಡಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಗಾಜಿನ ಮೇಲೆ ಉಪ್ಪಿನ ಬಿಳಿ ಗೆರೆ ಕೂತಿತ್ತು, ನೀರು ಅದರಿಂದ ಒಂದು ಇಂಚು ಕೆಳಗಿತ್ತು. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿಗೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದೆ. ನೀಲಿ ಮತ್ತು ಬಿಳಿ ಸೇರುವ ಗೆರೆ 39ರ ಮೇಲೆ ನಿಂತಿತ್ತು. ಅಂದರೆ ಸಾವಿರ ಪಾಲಿನಲ್ಲಿ 39 ಪಾಲು ಉಪ್ಪು. ಸಮುದ್ರದ ನೀರಿನಲ್ಲಿ 35. ಟ್ಯಾಂಗ್ ಬೆಳಗಾಗುವಷ್ಟರಲ್ಲಿ ಸತ್ತಿತು. ಇಂಥದ್ದನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಅದಕ್ಕೇ ಈ ಲೇಖನ.

1. ಮೊದಲು ಮೀನಿನ ಪಟ್ಟಿ ಬರೆಯಿರಿ

ಟ್ಯಾಂಕ್ ಕೊಂಡು ಆಮೇಲೆ ಮೀನು ಹುಡುಕಬೇಡಿ. ಯಾವ ಮೀನು ಬೇಕು ಅಂತ ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಅದು ಬೆಳೆದಾಗ ಎಷ್ಟು ಉದ್ದ ಆಗುತ್ತದೆ ಅಂತ ಬರೆಯಿರಿ. ಅಂಗಡಿಯಲ್ಲಿ ಕಾಣುವುದು ಹೆಚ್ಚಾಗಿ ಮರಿ. ಎಂಪರರ್ ಏಂಜೆಲ್ ಮರಿಯ ಕಡುನೀಲಿ ಮೈಮೇಲೆ ಬಿಳಿ ಸುತ್ತುಗಳಿರುತ್ತವೆ, ಬೆರಳಷ್ಟುದ್ದ ಇರುತ್ತದೆ. ಬೆಳೆದ ಮೇಲೆ ಹಳದಿ ಪಟ್ಟೆ ಬಂದು ಬೇರೆ ಮೀನೇ ಅನಿಸುತ್ತದೆ, ಉದ್ದ 40 ಸೆಂ.ಮೀ. ತನಕ ಹೋಗುತ್ತದೆ. ಬ್ಲೂ ಟ್ಯಾಂಗ್ 25-30 ಸೆಂ.ಮೀ. ಆಗುತ್ತದೆ, ದಿನವಿಡೀ ಈಜುವ ಮೀನು. ಅದಕ್ಕೆ ಆರಡಿ ಟ್ಯಾಂಕ್ ಬೇಕು. ಅಷ್ಟು ಜಾಗ ಇಲ್ಲ ಅಂದರೆ ಅದರ ಆಸೆ ಬಿಡಿ. ಮರೀನ್ ಡ್ರೈವ್‌ನ ತಾರಾಪೊರೆವಾಲಾ ಅಕ್ವೇರಿಯಂನಲ್ಲಿ ದೊಡ್ಡ ಮೀನು ನೋಡಿ ಬೆಳೆದವರು ನಾವು, ಆಸೆ ಆಗುವುದು ಸಹಜ. ಆದರೆ ಹಾಲ್‌ನಲ್ಲಿ ಇಡಲು ಕ್ಲೌನ್ ಮೀನಿನ ಜೋಡಿ, ಫೈರ್‌ಫಿಶ್, ರಾಯಲ್ ಗ್ರಾಮಾ ಸಾಕು. ಇವೆಲ್ಲ 8-9 ಸೆಂ.ಮೀ. ದಾಟುವುದು ಕಡಿಮೆ.

ಅಂಗಡಿಯಲ್ಲಿ "ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ" ಅಂದರೆ ನಂಬಬೇಡಿ. ಇಕ್ಕಟ್ಟಿನಲ್ಲಿ ಮೀನು ಕುಗ್ಗಿ, ರೋಗ ಹಿಡಿದು ಸಾಯುತ್ತದೆ.

2. ನೀರಿನ ಲೆಕ್ಕ

ಎಲ್ಲರೂ ಎಡವುವುದು ಇಲ್ಲೇ. ಚಿಕ್ಕ ಟ್ಯಾಂಕ್ ಅಂದರೆ ಕೆಲಸ ಕಡಿಮೆ ಅಂದುಕೊಳ್ಳುತ್ತಾರೆ. ಉಪ್ಪುನೀರಿನಲ್ಲಿ ಆಗುವುದು ಉಲ್ಟಾ.

ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಅಡುಗೆಮನೆಯಲ್ಲಿ ಸಾರು ಕುದಿದು ಬತ್ತಿದರೆ ಉಪ್ಪಾಗುತ್ತದಲ್ಲ, ಹಾಗೆಯೇ. ಒಂದಡಿ ಎತ್ತರದ ಟ್ಯಾಂಕ್‌ನಲ್ಲಿ ಒಂದು ಇಂಚು ಇಳಿದರೆ ಹನ್ನೆರಡರಲ್ಲಿ ಒಂದು ಪಾಲು ನೀರು ಹೋಯಿತು. ಒಂದೂವರೆ ಅಡಿ ಎತ್ತರ ಇದ್ದರೆ ಹದಿನೆಂಟರಲ್ಲಿ ಒಂದು ಪಾಲು. ಕಲ್ಲು, ಮರಳು ತುಂಬಿದ ಚಿಕ್ಕ ಟ್ಯಾಂಕ್‌ನಲ್ಲಿ ಆ ಒಂದು ಇಂಚೇ 35ನ್ನು 39 ಮಾಡಿತು. ದೊಡ್ಡದರಲ್ಲಿ 37ರ ಸುತ್ತಮುತ್ತ ನಿಲ್ಲುತ್ತಿತ್ತು. ಮೀನು ತಡೆದುಕೊಳ್ಳುತ್ತಿತ್ತು. ಆರಿದ್ದಕ್ಕೆ ಬದಲು ಉಪ್ಪಿಲ್ಲದ ಆರ್‌ಒ ನೀರನ್ನೇ ಸೇರಿಸಬೇಕು. ಉಪ್ಪುನೀರು ಸುರಿದರೆ ಉಪ್ಪು ಇನ್ನೂ ಏರುತ್ತದೆ.

ನಮ್ಮ ಸೆಕೆ ಬೇರೆ. ಏಪ್ರಿಲ್-ಮೇಯಲ್ಲಿ ಮನೆಯೊಳಗೇ 32 ಡಿಗ್ರಿ ದಾಟುತ್ತದೆ, ಮೀನಿಗೆ ಬೇಕಾದ್ದು 25-26. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಉಪ್ಪುನೀರಿನಲ್ಲಿ ಮೊದಲೇ ಸಿಹಿನೀರಿಗಿಂತ ಕಡಿಮೆ. ಸ್ವಲ್ಪವೇ ನೀರಿದ್ದರೆ ಮಧ್ಯಾಹ್ನ ಎರಡು ಗಂಟೆಯೊಳಗೆ ಕಾಯುತ್ತದೆ. ಫ್ಯಾನ್ ಇಟ್ಟರೆ ತಣ್ಣಗಾಗುತ್ತದೆ, ಆದರೆ ಆರುವುದೂ ಜಾಸ್ತಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಆಗ ಫ್ಯಾನ್ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಟ್ಯಾಂಕ್ ಖರ್ಚಿನ ಜೊತೆಗೇ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಖರ್ಚನ್ನೂ ಬರೆದಿಟ್ಟುಕೊಳ್ಳಿ.

ಲೀಟರ್ ಲೆಕ್ಕ ಸುಲಭ. ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, 28.3ರಿಂದ ಗುಣಿಸಿ. ಎರಡು-ಒಂದು-ಒಂದರ ಟ್ಯಾಂಕ್ ಸುಮಾರು 57 ಲೀಟರ್. ಮೂರು-ಒಂದೂವರೆ-ಒಂದೂವರೆ 191 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾಗಿ ನಿಲ್ಲುವ ನೀರು ಇದರಲ್ಲಿ ಐದನೇ ಒಂದು ಭಾಗದಷ್ಟು ಕಡಿಮೆ. ಔಷಧಿ ಹಾಕುವಾಗ ಹೀಗೆ ಕಳೆದು ಉಳಿದ ನೀರಿನ ಲೆಕ್ಕವನ್ನೇ ಹಿಡಿಯಿರಿ.

ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಒಂದೇ ಅಳತೆ: ಮೂರು ಅಡಿ, ಒಂದೂವರೆ, ಒಂದೂವರೆ. ಅದಕ್ಕಿಂತ ಚಿಕ್ಕದು ಬೇಡವೇ ಬೇಡ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಲು 20 ಲೀಟರಿನ ಒಂದೇ ಬಕೆಟ್ ಸಾಕು. ಆ ಬಕೆಟ್‌ಗೆ ಸುಮಾರು 700 ಗ್ರಾಂ ಉಪ್ಪು. ಅಕ್ವೇರಿಯಂಗೆಂದೇ ಬರುವ ಸಮುದ್ರದ ಉಪ್ಪು ಬಳಸಿ, ಅಡುಗೆ ಉಪ್ಪು ಅಲ್ಲ. ಜುಹೂ ಬೀಚಿನಿಂದ ಕ್ಯಾನಿನಲ್ಲಿ ನೀರು ತರುವವರೂ ಇದ್ದಾರೆ. ದಯವಿಟ್ಟು ಬೇಡ. ದಡದ ನೀರಿಗೆ ಊರಿನ ಚರಂಡಿ ಸೇರುತ್ತದೆ.

3. ಆಕಾರ

ಉದ್ದ, ಅಗಲ ಜಾಸ್ತಿ ಇರಲಿ. ಎರಡಡಿ ಎತ್ತರ ದಾಟಿದರೆ ತಳಕ್ಕೆ ಕೈ ಎಟುಕುವುದಿಲ್ಲ. ದುಂಡನೆಯ ಕಂಬದಂಥ ಟ್ಯಾಂಕ್, ಮೇಜಿನ ಮೇಲಿಡುವ 'ನ್ಯಾನೋ' ಕಿಟ್ ಎರಡನ್ನೂ ಕೊಳ್ಳಬೇಡಿ. ಕಿಟ್ ಜೊತೆ ಬರುವ, ಮುಳ್ಳು ತೂಗಾಡುವ ಪ್ಲಾಸ್ಟಿಕ್ ಉಪ್ಪಿನಳತೆ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ.

ಹವಳ ಬೇಕು ಅಂತ ಕೆಲವರು ಕೇಳುತ್ತಾರೆ. ನಮ್ಮ ಸಮುದ್ರದ ಹವಳ, ಕಡಲಕುದುರೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರಾದರೂ ಗುಟ್ಟಾಗಿ ಕೊಡುತ್ತೇನೆ ಅಂದರೂ ಮುಟ್ಟಬೇಡಿ.

4. ಭಾರ ಮತ್ತು ಜಾಗ

ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಸೇರಿ ಮೂರಡಿ ಟ್ಯಾಂಕ್ ಸುಮಾರು 300 ಕೆ.ಜಿ. ತೂಗುತ್ತದೆ. ಆರ್‌ಸಿಸಿ ಕಟ್ಟಡದಲ್ಲಿ ಕೋಣೆಯ ನಡುವೆ ಇಡದೆ, ಬೀಮ್ ಇರುವ ಗೋಡೆಗೆ ಒತ್ತಿ ಇಡಿ. ಗಿರ್‌ಗಾಂವ್ ಕಡೆಯ ಹಳೇ ಚಾಳುಗಳಲ್ಲಿ ಮರದ ತೊಲೆಯ ನೆಲ ಇರುತ್ತದೆ. ಅಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಒಪ್ಪದೆ ಇಡಲೇಬೇಡಿ. ಕಿಟಕಿಯ ಬಿಸಿಲು ಬೀಳಬಾರದು. ಬಿಸಿಲು ಬಿದ್ದರೆ ನೀರೂ ಕಾಯುತ್ತದೆ, ಪಾಚಿಯೂ ಹಬ್ಬುತ್ತದೆ.

5. ಆರ್ಡರ್ ಕೊಡುವ ಮುಂಚೆ

ಹಳೇ ಪೇಪರನ್ನು ಟ್ಯಾಂಕ್ ಅಳತೆಗೆ ಕತ್ತರಿಸಿ ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಒಂದು ವಾರ ಅದರ ಸುತ್ತ ಓಡಾಡಿ. ಕಪಾಟಿನ ಬಾಗಿಲು ತೆರೆಯುತ್ತದೆಯೇ, ಬಕೆಟ್ ಹಿಡಿದು ಪಕ್ಕದಲ್ಲಿ ನಿಲ್ಲಲು ಆಗುತ್ತದೆಯೇ ನೋಡಿ. ಲಿಫ್ಟ್ ಅಳೆಯಿರಿ, ಮೆಟ್ಟಿಲಿನ ತಿರುವು ಅಳೆಯಿರಿ. ಒಂದೂವರೆ ಅಡಿ ಎತ್ತರಕ್ಕೆ 10 ಮಿ.ಮೀ. ಗಾಜು ಕೇಳಿ. 6 ಮಿ.ಮೀ. ಸಾಕು ಅಂದರೆ ಬೇರೆ ಅಂಗಡಿ ನೋಡಿ.

ಟ್ಯಾಂಕ್ ಬಂದ ಮೇಲೆ ಸ್ಟ್ಯಾಂಡ್ ಮೇಲೆ ಥರ್ಮೋಕೋಲ್ ಹಾಸಿ ಕೂರಿಸಿ. ಸ್ಟ್ಯಾಂಡ್ ಸುತ್ತ ನೆಲದ ಮೇಲೆ ಪೇಪರ್ ಹರಡಿ, ನಲ್ಲಿ ನೀರು ಅಂಚಿನ ತನಕ ತುಂಬಿಸಿ 24 ಗಂಟೆ ಬಿಡಿ. ಮರುದಿನ ಪೇಪರ್ ಒಣಗಿದ್ದರೆ ಆ ನೀರು ಚೆಲ್ಲಿ, ಉಪ್ಪಿನ ಚೀಲ ಬಿಚ್ಚಿ. ಮೀನು ಮಾತ್ರ ಈಗಲೇ ತರಬೇಡಿ. ಮೀನಿನ ಕೊಳೆಯಿಂದ ಬರುವ ವಿಷವನ್ನು ಕಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ನೀರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ನೀರಿನ ಪರೀಕ್ಷೆಯಲ್ಲಿ ಸೊನ್ನೆ ತೋರಿಸಿದ ದಿನ ಮೊದಲ ಕ್ಲೌನ್ ಜೋಡಿ ತನ್ನಿ.