ನೀರು ಸೋಕಿಸದೆ ರುಬ್ಬಿದ ಹೂರಣ: ಫುಡ್ ಪ್ರೊಸೆಸರ್ ಜೊತೆ ನನ್ನ ಒಂದು ವರ್ಷ

ಈ ಸಲದ ಯುಗಾದಿಗೆ ನನಗೆ ಸುಮಾರು 260 ಒಬ್ಬಟ್ಟಿನ ಆರ್ಡರ್ ಬಂದಿತ್ತು. ಅಷ್ಟಕ್ಕೂ ಬೇಕಾದ ಹೂರಣವನ್ನು ಫುಡ್ ಪ್ರೊಸೆಸರಿನಲ್ಲೇ ರುಬ್ಬಿದೆ. ಒಂದೂ ಹರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತೋ ಹನ್ನೆರಡೋ ಹರಿದು ಮನೆಯವರ ಪಾಲಾದವು. ಆದರೆ ಗ್ರೈಂಡರಿನಲ್ಲಿ ರುಬ್ಬುತ್ತಿದ್ದ ವರ್ಷಗಳಲ್ಲಿ ಇದಕ್ಕಿಂತ ಹೆಚ್ಚೇ ಹರಿಯುತ್ತಿದ್ದವು ಎಂಬುದನ್ನು, ಈ ಯಂತ್ರ ತಂದ ದಿನ ನಕ್ಕವರೆಲ್ಲರಿಗೂ ತಿಳಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಮನೆಯಿಂದಲೇ ಹಬ್ಬದ ಅಡುಗೆ, ನಾಮಕರಣ, ಸೀಮಂತಗಳ ತಿಂಡಿ ಮಾಡಿಕೊಡಲು ತೊಡಗಿ ಎಂಟು ವರ್ಷವಾಯಿತು. ಕಳೆದ ವರ್ಷ ಹಬ್ಬದ ರಿಯಾಯಿತಿಯಲ್ಲಿ 9,000 ರೂಪಾಯಿಯ ಹತ್ತಿರ ಕೊಟ್ಟು 1000 ವ್ಯಾಟ್ ಮೋಟಾರಿನ ಯಂತ್ರವೊಂದನ್ನು ಕೊಂಡೆ. ನಮ್ಮ ಅತ್ತೆಯವರು ಬೌಲಿನೊಳಗೆ ಇಣುಕಿ ನೋಡಿ, "ಇದರಲ್ಲಿ ಕಲ್ಲೆಲ್ಲಿದೆಯಮ್ಮಾ?" ಎಂದು ಕೇಳಿದರು. ನನ್ನಂತೆಯೇ ಆರ್ಡರ್ ಹಿಡಿಯುವ ಗೆಳತಿಯೊಬ್ಬರು, ಕ್ಯಾರೆಟ್ ತುರಿಯುವುದಕ್ಕೆ ಇಷ್ಟು ದುಡ್ಡು ಸುರಿದವಳು ನೀನೊಬ್ಬಳೇ ಎಂದರು. ಮೊದಲ ಮೂರು ತಿಂಗಳು ಅವರ ಮಾತೇ ನಿಜವಾಗಿತ್ತು. ಕೋಸಂಬರಿಗೆ ಕ್ಯಾರೆಟ್ ತುರಿದದ್ದು, ಪಲ್ಯಕ್ಕೆ ಎಲೆಕೋಸು ಹೆಚ್ಚಿದ್ದು ಬಿಟ್ಟರೆ ಯಂತ್ರ ಮೂಲೆಯಲ್ಲಿ ಕುಳಿತಿತ್ತು.

ತಪ್ಪು ನನ್ನದೇ. ನಾನು ಅದನ್ನು ದೊಡ್ಡ ಮಿಕ್ಸಿ ಎಂದು ತಿಳಿದಿದ್ದೆ. ದೋಸೆಗೆ ನೆನೆಸಿದ ಅಕ್ಕಿ ಹಾಕಿ ನೋಡಿದೆ. ಐದು ನಿಮಿಷವಾದರೂ ಅಕ್ಕಿ ರವೆಯಾಗಿಯೇ ಉಳಿಯಿತು, ನೀರು ನಡುವಿನ ಕಂಬದ ಸಂದಿಯಿಂದ ಇಳಿದು ಮೇಜಿನ ಮೇಲೆಲ್ಲ ಹರಿಯಿತು. ಚಟ್ನಿಪುಡಿಗೆ ಹುರಿದ ಬೇಳೆ ಹಾಕಿದರೆ ಅದು ಬೌಲಿನ ಗೋಡೆಗೆ ಸಿಡಿಯಿತೇ ಹೊರತು ಪುಡಿಯಾಗಲಿಲ್ಲ. ಇವೆರಡನ್ನೂ ಇಂದಿಗೂ ಗ್ರೈಂಡರಿಗೂ ಮಿಕ್ಸಿಗೂ ಬಿಟ್ಟುಕೊಟ್ಟಿದ್ದೇನೆ. ಆದರೆ ಮಿಕ್ಸಿ ಸೋಲುವ ಒಂದು ಜಾಗವಿದೆ: ನೀರು ಹಾಕದೆ, ತರಿತರಿಯಾಗಿ, ಹೆಚ್ಚು ಪ್ರಮಾಣದಲ್ಲಿ ರುಬ್ಬಬೇಕಾದಾಗ ಅದರ ಕಿರಿದಾದ ಜಾರಿನಲ್ಲಿ ಬ್ಲೇಡು ತನ್ನ ಸುತ್ತಲಿನದನ್ನಷ್ಟೇ ಅರೆದು ಬರಿದೇ ತಿರುಗತೊಡಗುತ್ತದೆ, ನಾವು ಎರಡು ಚಮಚ ನೀರು ಬಿಡುತ್ತೇವೆ, ಅಲ್ಲಿಗೆ ಕೆಲಸ ಕೆಟ್ಟಂತೆ. ಫುಡ್ ಪ್ರೊಸೆಸರಿನ ಅಗಲವಾದ ಬೌಲಿಗೆ ಆ ನೀರು ಬೇಕಿಲ್ಲ. ಇದು ನನಗೆ ಹೊಳೆದದ್ದು ನುಚ್ಚಿನುಂಡೆಯಿಂದ.

ನಾಮಕರಣವೊಂದಕ್ಕೆ 150 ನುಚ್ಚಿನುಂಡೆ ಬೇಕಿತ್ತು. ಅಂದಾಜು ಮೂರು ಕೆ.ಜಿ. ತೊಗರಿಬೇಳೆಯ ಲೆಕ್ಕ. ಅದೇ ದಿನ ಸಹಾಯಕ್ಕೆ ಬರುವವರು ಬರಲಿಲ್ಲ. ಬೇರೆ ದಾರಿಯಿಲ್ಲದೆ ಬೇಳೆಯನ್ನು ಬೌಲಿನ ಕಂಠದವರೆಗೆ ತುಂಬಿ ಅರ್ಧ ನಿಮಿಷ ಬಿಡದೆ ತಿರುಗಿಸಿದೆ. ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಇಡ್ಲಿಹಿಟ್ಟಿನಂತಹ ಮುದ್ದೆ, ಮೇಲೆ ಇಡೀ ಬೇಳೆ. ಆ ಮೊದಲ ಸುತ್ತಿನ ಬೇಳೆ ಅಂದು ರಾತ್ರಿ ನಮ್ಮ ಮನೆಯ ಅಡೆದೋಸೆಯಾಯಿತು. ಎರಡನೆಯ ಸುತ್ತಿನಲ್ಲಿ ಬೌಲಿನ ಮೂರರಲ್ಲಿ ಒಂದು ಭಾಗದಷ್ಟು ಮಾತ್ರ ಹಾಕಿ, ಪಲ್ಸ್ ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಎಂಟು ಹತ್ತು ಸಲ ತಿರುಗಿಸಿ, ಅಂಚಿನದನ್ನು ಕೆಳಗೆ ಎಳೆದು, ಮತ್ತೆ ಐದಾರು ಸಲ ತಿರುಗಿಸಿದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತಿತು. ಬೆರಳಿನಿಂದ ಬಿಡಿಸಿದರೆ ನಾಲ್ಕರಲ್ಲಿ ಒಂದು ಪಾಲು ಬೇಳೆ ಇನ್ನೂ ನುಚ್ಚಾಗಿಯೇ ಇತ್ತು. ಹಬೆಯಲ್ಲಿ ಬೆಂದ ಮೇಲೆ ಆ ಉಂಡೆ ಕೈಯಲ್ಲಿ ಪುಡಿಯಾಗದೆ, ಬಾಯಲ್ಲಿ ಪುಡಿಯಾಗುತ್ತಿತ್ತು. ನುಚ್ಚಿನುಂಡೆಗೆ ಬೇಕಾದದ್ದು ಅದೇ.

ಇದರಲ್ಲಿ ನಾನು ಏಟು ತಿಂದು ಕಲಿತದ್ದು ಇಷ್ಟು. ಮೂರು ಗಂಟೆ ನೆನೆದ ಬೇಳೆಯನ್ನು ಬಸಿದರೆ ಸಾಲದು, ಬಟ್ಟೆಯ ಮೇಲೆ ಕಾಲು ಗಂಟೆ ಹರವಬೇಕು. ಶುಂಠಿ, ಹಸಿಮೆಣಸಿನಕಾಯಿಗಳನ್ನು ಬೇಳೆಗೆ ಮೊದಲೇ ಒಂಟಿಯಾಗಿ ತಿರುಗಿಸಿಕೊಳ್ಳಬೇಕು, ಇಲ್ಲವಾದರೆ ಉಂಡೆಯ ನಡುವೆ ಇಡೀ ಮೆಣಸಿನಕಾಯಿಯ ತುಂಡು ಯಾರ ಬಾಯಿಗೆ ಸಿಗುತ್ತದೆಂದು ಹೇಳಲಾಗದು. ಸಬ್ಬಸಿಗೆ ಸೊಪ್ಪನ್ನು ಯಂತ್ರಕ್ಕೆ ತೋರಿಸಲೇಬಾರದು. ರಸ ಬಿಟ್ಟು ಹಿಟ್ಟೆಲ್ಲ ಹಸಿರಾಗುತ್ತದೆ. ಸೊಪ್ಪಿಗೆ ಇಂದಿಗೂ ನನ್ನ ಈಳಿಗೆಮಣೆಯೇ. ಇದೇ ಕ್ರಮದಲ್ಲಿ ಕಡಲೆಬೇಳೆಯ ಆಂಬೊಡೆಯೂ ಸೊಗಸಾಗಿ ಬರುತ್ತದೆ, ನೀರಿಲ್ಲದ ಕಾರಣ ಎಣ್ಣೆಯನ್ನೂ ಕಡಿಮೆ ಕುಡಿಯುತ್ತದೆ ಎಂಬುದು ನನ್ನ ಬಾಣಲೆಯ ಲೆಕ್ಕ.

ಇನ್ನು ಹೂರಣಕ್ಕೆ ಬರುತ್ತೇನೆ. ಬೆಂದ ಬೇಳೆಗೆ ಬೆಲ್ಲ, ಕಾಯಿತುರಿ ಸೇರಿಸಿ ಗಟ್ಟಿಯಾಗುವವರೆಗೆ ಕಾಯಿಸಿ ಆಮೇಲೆ ರುಬ್ಬುವುದು ನಮ್ಮ ಮನೆಯ ಪದ್ಧತಿ. ಯಂತ್ರದಲ್ಲೂ ಹಾಗೆಯೇ ಮಾಡಿದೆ. ಬಿಸಿಯಿದ್ದಾಗ ಹಾಕಿದರೆ ಪಾಕ ಬ್ಲೇಡಿಗೆ ಅಂಟಿಕೊಂಡು ಮುದ್ದೆ ಅದರ ಜೊತೆಗೇ ಸುತ್ತಿತು. ಆರಿದ ಮೇಲೆ ಹಾಕಿದರೆ ಮೋಟಾರು ಗೊರಗೊರ ಎಂದು ನಿಂತೇ ಹೋಯಿತು. ತಳದಲ್ಲಿರುವ ಕೆಂಪು ಗುಂಡಿ ಹೊರಗೆ ಚಿಮ್ಮಿರುತ್ತದೆ, ಅರ್ಧ ಗಂಟೆ ತಣಿಸಿ ಅದನ್ನು ಒತ್ತಿದರೆ ಮತ್ತೆ ನಡೆಯುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಯಂತ್ರವನ್ನು ಆಟೋದಲ್ಲಿ ಹೊತ್ತು ರಿಪೇರಿಗೆ ಒಯ್ದರೆ, ಅಂಗಡಿಯವರು ಗುಂಡಿ ಒತ್ತಿ 350 ರೂಪಾಯಿ ತೆಗೆದುಕೊಂಡರು. ಆಟೋ ಬಾಡಿಗೆ ಬೇರೆ.

ಮೂರನೆಯ ಸಲ ಕ್ರಮವನ್ನೇ ತಿರುವು ಮುರುವು ಮಾಡಿದೆ. ತೊಗರಿಬೇಳೆಯನ್ನು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಪಾತ್ರೆಯಲ್ಲಿ ಕರಗಿರಬಾರದು ಎನ್ನುವ ಹದಕ್ಕೆ ಬೇಯಿಸಿ, ಕಟ್ಟನ್ನು ಸಾರಿಗೆ ಬಸಿದಿಟ್ಟು, ಬೇಳೆಯನ್ನು ತೂತಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಬಿಟ್ಟು, ಉಗುರುಬೆಚ್ಚಗಿರುವಾಗಲೇ ಬೆಲ್ಲ ಸೋಕಿಸದೆ ಬರಿಯ ಬೇಳೆಯನ್ನು ರುಬ್ಬಿದೆ. ಒಂದು ಸುತ್ತಿಗೆ ಅರ್ಧ ಕೆ.ಜಿ. ಬೇಳೆ ಬೆಂದು ಆಗುವಷ್ಟು ಮಾತ್ರ, ಅದಕ್ಕಿಂತ ಹೆಚ್ಚಿಲ್ಲ. ಒಂದು ನಿಮಿಷ, ತಡೆದು ಅಂಚು ಸವರಿ ಇನ್ನರ್ಧ ನಿಮಿಷ. ಬೆಣ್ಣೆಯಂತಾದ ಆ ಬೇಳೆಯನ್ನು ಬಾಣಲೆಗೆ ಹಾಕಿ ಬೆಲ್ಲ ಸೇರಿಸಿದರೆ ಮೊದಲು ಪಾಯಸದಂತೆ ನೀರಾಗುತ್ತದೆ, ಅಲ್ಲಿ ಹೆದರಬಾರದು. ನುಣ್ಣಗೆ ತಿರುಗಿಸಿಕೊಂಡ ಕಾಯಿತುರಿ ಹಾಕಿ ಮಗುಚುತ್ತಾ ಹೋದರೆ ಬಾಣಲೆಯ ಅಂಚು ಬಿಟ್ಟು, ಸೌಟು ನೆಟ್ಟರೆ ನಿಲ್ಲುವಂತಾಗುತ್ತದೆ. ಏಲಕ್ಕಿ ಕೊನೆಗೆ. ಆರಿದ ಮೇಲೆ ಉಂಡೆ ಕಟ್ಟಿದರೆ ಅಂಗೈಗೆ ಅಂಟುವುದಿಲ್ಲ. ರುಬ್ಬುವ ಕೆಲಸ ತಗ್ಗಿದರೂ ಮಗುಚುವ ಕೆಲಸ ಹತ್ತು ನಿಮಿಷ ಹೆಚ್ಚಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಕಣಕವನ್ನು ಪೂರ್ತಿ ಯಂತ್ರದಲ್ಲಿ ಕಲಸಲು ಹೋಗಿ ಒಂದು ಕೆ.ಜಿ. ಹಿಟ್ಟು ಕಳೆದುಕೊಂಡೆ. ಒಬ್ಬಟ್ಟಿಗೆ ಬೇಕಾದಷ್ಟು ಸಡಿಲ ಮಾಡಿದರೆ ಅದು ಕಂಬವನ್ನೇರಿ ಬ್ಲೇಡಿನ ಒಳಗೆಲ್ಲ ನುಗ್ಗುತ್ತದೆ. ತೊಳೆಯುವಾಗ ಅಳು ಬರುತ್ತದೆ. ಈಗ ಮೈದಾ, ಚಿರೋಟಿ ರವೆ, ಅರಿಸಿನಕ್ಕೆ ತಣ್ಣೀರನ್ನು ಮೇಲಿನ ಕೊಳವೆಯಿಂದ ಬಿಡುತ್ತಾ ಚಪಾತಿಹಿಟ್ಟಿನ ಹದಕ್ಕೆ 40 ಸೆಕೆಂಡು ಕಲಸಿ ಹೊರಗೆ ತೆಗೆಯುತ್ತೇನೆ. ಹೆಚ್ಚು ತಿರುಗಿಸಿದರೆ ಹಿಟ್ಟು ಬಿಸಿಯಾಗುವುದು ಕೈಗೇ ತಿಳಿಯುತ್ತದೆ. ಉಳಿದ ನೀರು, ಎಣ್ಣೆಯನ್ನು ಕೈಯಲ್ಲೇ ನಾದಿ ಸೇರಿಸಬೇಕು. ಎಣ್ಣೆಯ ಜೊತೆಗೆ ನಾನು ಇನ್ನೊಂದನ್ನೂ ಸೇರಿಸುತ್ತೇನೆ, ಮರುದಿನವೂ ಒಬ್ಬಟ್ಟು ಮೆತ್ತಗಿರುವುದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಇದು ನನ್ನ ಹೊಟ್ಟೆಪಾಡು, ಓದುವವರಲ್ಲಿ ನಮ್ಮ ಬೀದಿಯವರೂ ಇರಬಹುದು.

ದುಡ್ಡಿನ ಮಾತು. ಮೊದಲು ಐದು ಕೆ.ಜಿ. ಬೇಳೆಯ ಹೂರಣಕ್ಕೆ ಗ್ರೈಂಡರಿನ ಮುಂದೆ ಒಬ್ಬರು ಮೂರು ಗಂಟೆ ನಿಂತು ತಳ್ಳುತ್ತಿರಬೇಕಿತ್ತು. ಹಬ್ಬದ ದಿನ ಅವರ ಕೂಲಿ 600 ರೂಪಾಯಿ. ಈಗ ನಡುನಡುವೆ ಮೋಟಾರಿಗೆ ಬಿಡುವು ಕೊಟ್ಟರೂ ಗಂಟೆ, ಗಂಟೆಕಾಲಿನಲ್ಲಿ ಒಬ್ಬಳೇ ಮುಗಿಸುತ್ತೇನೆ. ಒಂದು ಕೆ.ಜಿ. ಬೇಳೆಗೆ 50ರ ಮೇಲೆ ಎರಡು ಮೂರು ಒಬ್ಬಟ್ಟು ಬರುತ್ತವೆ, ಒಂದಕ್ಕೆ 25 ರೂಪಾಯಿ. ಯುಗಾದಿ, ಗೌರಿ ಹಬ್ಬ, ಅಲ್ಲೊಂದು ಇಲ್ಲೊಂದು ಸೀಮಂತ ಸೇರಿ ಹದಿನೈದು ದಿನ ಕೂಲಿ ಉಳಿದರೆ ಯಂತ್ರದ ದುಡ್ಡು ಬಂದಂತೆ. ನನ್ನ ಪುಸ್ತಕದಲ್ಲಿ ಅದು ಹತ್ತನೆಯ ತಿಂಗಳಿಗೆ ಬಂದಿದೆ.

ಉಳಿದ ಪ್ರಯೋಗಗಳು ಹಲವು. ಕೂಡಿಟ್ಟ ಕೆನೆಗೆ ಐಸ್ ನೀರು ಸೇರಿಸಿ ತಿರುಗಿಸಿದರೆ ನಾಲ್ಕು ನಿಮಿಷದಲ್ಲಿ ಬೆಣ್ಣೆ ತೇಲುತ್ತದೆ. ಮದ್ದೂರು ವಡೆಯ ಈರುಳ್ಳಿಯನ್ನು ಸ್ಲೈಸ್ ಮಾಡುವ ಬಿಲ್ಲೆಯಲ್ಲಿ ಹೆಚ್ಚಬಹುದು, ಬ್ಲೇಡಿನಲ್ಲಿ ಕೊಚ್ಚಿದರೆ ನೀರೊಡೆಯುತ್ತದೆ. ಬಾಳೆದಿಂಡು ಹಾಕಿದವರು ನಾರು ಬಿಡಿಸುತ್ತಾ ಅರ್ಧ ದಿನ ಕಳೆಯುತ್ತಾರೆ. ಹುರುಳಿಕಾಯಿ ಉದ್ದುದ್ದ ಸೀಳಿಕೊಂಡು ಬೀಳುತ್ತದೆ, ಪಲ್ಯಕ್ಕೆ ಬಾರದು. ಬೇಸಿಗೆಯಲ್ಲಿ ತವರಿನ ಕಡೆಯಿಂದ ಹಲಸಿನಕಾಯಿ ಬಂದಾಗ ಹಪ್ಪಳಕ್ಕೂ ಕೈ ಹಾಕಿದೆ. ಬೇಯಿಸಿದ ತೊಳೆಯನ್ನು ಒರಳಲ್ಲಿ ಒನಕೆ ಹಾಕಿ ಕುಟ್ಟುವ ಕೆಲಸ ಯಾರಿಗೆ ಬೇಕು? ಬ್ಲೇಡಿಗೂ ಬೌಲಿಗೂ ಕೊಬ್ಬರಿ ಎಣ್ಣೆ ಸವರಿ, ತೊಳೆ ಬಿಸಿಯಿರುವಾಗಲೇ ಇಪ್ಪತ್ತು ಇಪ್ಪತ್ತಾಗಿ ಹಾಕಿದರೆ ಹಿಟ್ಟು ಚೆನ್ನಾಗಿ ಒಗ್ಗಿ ಬಂತು. ಫೋನ್ ಬಂತೆಂದು ಹೋಗಿ ಮರಳಿದಾಗ ಆರಿದ್ದ ಕೊನೆಯ ಸುತ್ತಿಗೆ ಕೆಂಪು ಗುಂಡಿ ಮತ್ತೆ ಚಿಮ್ಮಿತು. ಈ ಸಲ ಆಟೋ ಹತ್ತಲಿಲ್ಲ.

ಕೊಳ್ಳುವವರು ಇನ್ನೊಂದು ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಪ್ಲಾಸ್ಟಿಕ್ ಬೌಲಿಗೆ ಹತ್ತಿದ ಈರುಳ್ಳಿಯ ವಾಸನೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಮ್ಮೆ ವಡೆಯ ಮರುದಿನ ಅದೇ ಬೌಲಿನಲ್ಲಿ ರುಬ್ಬಿದ ಹೂರಣವನ್ನು ಅತ್ತೆಯವರು ಮೂಸಿ ನೋಡಿ, ಏನೂ ಹೇಳದೆ ಪಕ್ಕಕ್ಕೆ ಸರಿಸಿದರು. ಅದೇ ವಾರ 1,400 ರೂಪಾಯಿ ಕೊಟ್ಟು ಎರಡನೆಯ ಬೌಲು ತರಿಸಿದೆ. ಅದರ ಹಿಡಿಗೆ ಕಟ್ಟಿರುವ ಅರಿಸಿನದ ದಾರ ಸಿಹಿಯ ಬೌಲು ಎಂಬುದರ ಗುರುತು.